ಜಲಾಶಯ ಎಂದು ಬರೆದವನು

ರಿಸರ್ವಾಯರ್ ಎಂಬ ಇಂಗ್ಲಿಷ್ ಮಾತನ್ನು ನನ್ನ ನೌಕರಿಯ ಕಾಲದಲ್ಲಿ ಮೂರು ಸಲ ಕನ್ನಡಕ್ಕೆ ತಿರುಗಿಸಿದ್ದೇನೆ. ಮೊದಲನೆಯ ಸಲ ಅದು ಬೀದಿದೀಪದಲ್ಲಿ ಎಣ್ಣೆ ತುಂಬುವ ಪಾತ್ರೆ. ಎರಡನೆಯ ಸಲ ನೀರು ಕಟ್ಟಿ ನಿಲ್ಲಿಸುವ ಜಾಗ. ಮೂರನೆಯ ಸಲ, ಕೇಳಿದರೆ ನಗುತ್ತೀರಿ, ಇಲಿ. ದೀಪದ್ದೂ ಇಲಿಯದ್ದೂ ಸರಿಯಾಯಿತು. ಎಲ್ಲಕ್ಕಿಂತ ಸುಲಭವಾದ ನೀರಿನದ್ದರಲ್ಲಿ ನಾನು ತಪ್ಪಿದೆ. ತಪ್ಪಿದೆ ಎಂದರೆ ಯಾವ ನಿಘಂಟು ತೆಗೆದು ನೋಡಿದರೂ ಸಿಗುವ ತಪ್ಪಲ್ಲ. ಅದಕ್ಕೇ ಇದನ್ನು ಬರೆಯಬೇಕಾಗಿ ಬಂದಿದೆ. ತರ್ಜುಮೆಯ ಕೆಲಸಕ್ಕೆ ಈಗ ಹೊಸದಾಗಿ ಸೇರುವವರು ಓದಲಿ ಎಂಬ ಆಸೆಯೂ ಉಂಟು.

ಮಂಗಳೂರಿನ ಒಂದು ಸರಕಾರಿ ಕಚೇರಿಯಲ್ಲಿ ನಾನು ತರ್ಜುಮೆ ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ತಪ್ಪು ಕಚೇರಿಯದ್ದಲ್ಲ. ಮೇಲಿನಿಂದ ಇಂಗ್ಲಿಷಿನಲ್ಲಿ ಬಂದ ಹುಕುಂಗಳನ್ನು ಕನ್ನಡಕ್ಕೆ ತರುವುದು, ಹಳ್ಳಿಗಳಿಂದ ಕನ್ನಡದಲ್ಲಿ ಬಂದ ಅರ್ಜಿಗಳನ್ನು ಇಂಗ್ಲಿಷಿಗೆ ಏರಿಸುವುದು, ಇಷ್ಟೇ ಕೆಲಸ. ನಮಗಿದ್ದದ್ದು ಒಂದೇ ಒಂದು ದೊಡ್ಡ ನಿಘಂಟು. ಅದರ ಹಿಂದಿನ ಕೆಲವು ಹಾಳೆಗಳನ್ನು ಗೆದ್ದಲು ತಿಂದಿತ್ತು. ಹಾಗಾಗಿ ಕೊನೆಯ ಅಕ್ಷರಗಳ ಮಾತು ಬಂದರೆ ನಾವು ಊಹೆಯಿಂದಲೇ ಬರೆಯುತ್ತಿದ್ದೆವು. ನಾನು ಸೇರಿದಾಗ ಎಲ್ಲವೂ ಕೈಬರಹ. ಬರೆದು ಬರೆದು ನನ್ನ ನಡುಬೆರಳಿನಲ್ಲಿ ಎದ್ದ ಗಂಟು ಇನ್ನೂ ಇಳಿದಿಲ್ಲ. ಆಮೇಲೆ ಟೈಪಿನ ಯಂತ್ರ ಬಂತು, ಆದರೆ ಅದು ಇಂಗ್ಲಿಷಿಗೆ ಮಾತ್ರ. ಕನ್ನಡದವರ ಬೆರಳಿನ ಗಂಟು ಹಾಗೆಯೇ ಉಳಿಯಿತು.

ನಾನು ಬೊಕ್ಕಪಟ್ಣದ ಮೊಗವೀರ. ತಂದೆ ಕಡಲಿಗೆ ಹೋಗುವವರು, ತಾಯಿ ಬುಟ್ಟಿ ಹೊತ್ತು ಮೀನು ಮಾರುವವರು. ಮಿಶನ್ ಶಾಲೆಯ ಪಾದ್ರಿಯೊಬ್ಬರು ನನ್ನ ತಾಯಿಯ ಹತ್ತಿರ ಮೀನು ಕೊಳ್ಳುತ್ತಾ ಕೊಳ್ಳುತ್ತಾ ನನ್ನನ್ನು ಶಾಲೆಗೆ ಎಳೆದುಕೊಂಡು ಹೋದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪರೀಕ್ಷೆಗೆ ಇಂಗ್ಲಿಷು. ನಮ್ಮ ಕೇರಿಯಿಂದ ಕಚೇರಿಯ ಮೇಜಿನ ಹಿಂದೆ ಕೂತವನು ನಾನೇ ಮೊದಲು. ಕರ್ಕೇರ ಎಂದು ಹಾಜರಿ ಪುಸ್ತಕದಲ್ಲಿ ಹೆಸರು ಬರೆದ ದಿನ ನನ್ನ ತಾಯಿ ಬುಟ್ಟಿ ಇಳಿಸಿ ಕಚೇರಿಯ ಗೇಟಿನ ಹೊರಗೆ ನಿಂತು ನೋಡಿದ್ದರು. ಒಳಗೆ ಬನ್ನಿ ಎಂದು ಕರೆಯುವ ಧೈರ್ಯ ನನಗಿರಲಿಲ್ಲ.

ಪಕ್ಕದ ಮೇಜಿನಲ್ಲಿ ಲಾರೆನ್ಸ್ ಪರ್ಬು ಎಂಬವರಿದ್ದರು. ಪಾದ್ರಿಯಾಗಲು ಸೆಮಿನರಿಗೆ ಸೇರಿ, ಅರ್ಧದಲ್ಲಿ ಬಿಟ್ಟು ಬಂದವರು. ಯಾಕೆ ಬಿಟ್ಟಿರಿ ಎಂದು ಕೇಳಿದರೆ, "ಮಾರಾಯ, ದೇವರಿಗೂ ನನಗೂ ಲ್ಯಾಟಿನಿನಲ್ಲಿ ಸರಿ ಹೊಂದಾಣಿಕೆ ಆಗ್ಲಿಲ್ಲ" ಎನ್ನುತ್ತಿದ್ದರು. ನಿಘಂಟಿನಲ್ಲಿ ಸಿಗದ್ದು ಪರ್ಬುಗಳ ಹತ್ತಿರ ಸಿಗುತ್ತಿತ್ತು. ನಶ್ಯ ಏರಿಸಿಕೊಂಡು, ಮೂಗು ಒರೆಸಿಕೊಂಡು, ಒಂದು ಮಾತಿನ ಅಜ್ಜ ಮುತ್ತಜ್ಜರ ವರೆಗೆ ಹೋಗಿ ಬರುವ ಮನುಷ್ಯ ಅವರು.

ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ಬೀದಿಗೆ ಹೊಸ ಬಗೆಯ ಸೀಮೆಎಣ್ಣೆ ದೀಪಗಳು ಬಂದವು. ಅವುಗಳ ಜತೆ ಬಂದ ಇಂಗ್ಲಿಷ್ ಕಾಗದದಲ್ಲಿ, ರಿಸರ್ವಾಯರನ್ನು ಮುಕ್ಕಾಲು ಮಾತ್ರ ತುಂಬಬೇಕು, ಎಂದಿತ್ತು. ಆ ಮಾತು ನನಗೆ ಹೊಸತು. ಪರ್ಬುಗಳನ್ನು ಕೇಳಿದೆ.

"ಅದು ಫ್ರೆಂಚರ ಮಾತು" ಎಂದರು ಅವರು. "ಇಂಗ್ಲಿಷಿನವರು ಅಲ್ಲಿಂದ ತಂದದ್ದು. ಫ್ರೆಂಚರು ಲ್ಯಾಟಿನಿನಿಂದ ತಂದದ್ದು. ಅಲ್ಲಿ ಅದರ ಮೂಲ ಅರ್ಥ, ಈಗ ಖರ್ಚು ಮಾಡದೆ ಹಿಂದೆ ತೆಗೆದು ಇಡುವುದು, ಕಾದಿಡುವುದು. ನೀರೇ ಆಗ್ಬೇಕೂಂತ ಇಲ್ಲ. ನಮ್ಮ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ರೋಗಿಗಳಿಗೆ ಅಂತ ಪವಿತ್ರ ರೊಟ್ಟಿ ತೆಗೆದಿಡ್ತಾರಲ್ಲ, ಅದಕ್ಕೂ ಅದೇ ಲ್ಯಾಟಿನ್ ಮಾತು. ನಿನ್ನ ತಾಯಿ ಮಳೆಗಾಲಕ್ಕೆ ಅಂತ ಒಣಮೀನು ಕಟ್ಟಿ ಅಟ್ಟದಲ್ಲಿ ಇಡ್ತಾರಲ್ಲ, ಅದೂ ಅದೇ."

"ಹಾಗಾದ್ರೆ ದೀಪಕ್ಕೆ ಎಂತ ಬರೆಯುವುದು?"

"ನನ್ನನ್ನು ಯಾಕೆ ಕೇಳ್ತಿ? ದೀಪ ಹಚ್ಚುವವನನ್ನು ಕೇಳು."

ದೀಪ ಹಚ್ಚುವವನನ್ನು ಹೋಗಿ ಕೇಳಿದೆ. ಅವನು ಏಣಿಯ ಮೇಲಿಂದಲೇ, "ಅದಾ? ಅದು ದೀಪದ ಹೊಟ್ಟೆ" ಎಂದ. ನಾನು ಹಾಗೆಯೇ ಬರೆದೆ: ದೀಪದ ಹೊಟ್ಟೆಯನ್ನು ಮುಕ್ಕಾಲು ಮಾತ್ರ ತುಂಬತಕ್ಕದ್ದು. ಎಲ್ಲರಿಗೂ ಅರ್ಥವಾಯಿತು, ಒಂದು ದೀಪವೂ ಕೆಡಲಿಲ್ಲ.

ಆ ಕಾಗದ ಹೊಸ ಶಿರಸ್ತೇದಾರರ ಕಣ್ಣಿಗೆ ಬಿತ್ತು. ಶಿರಸ್ತೇದಾರರೆಂದರೆ ನಮ್ಮೆಲ್ಲ ಗುಮಾಸ್ತರ ಮೇಲಿನವರು. ವೆಂಕಟರಾಯರೆಂದು ಹೆಸರು, ಘಟ್ಟದ ಮೇಲಿನ ಊರಿನವರು, ಸಂಸ್ಕೃತ ಬಲ್ಲವರು, ಶಿಸ್ತಿನವರು. ಕೆಟ್ಟವರಲ್ಲ, ಇದನ್ನು ನಾನು ಮತ್ತೆ ಮತ್ತೆ ಹೇಳಬೇಕು. ಆ ದಿನ ಮಾತ್ರ ಅವರಿಗೆ ತಮಾಷೆ ಮಾಡುವ ಮನಸ್ಸು ಬಂತು. ನನ್ನ ಕಾಗದವನ್ನು ಎತ್ತಿ ಹಿಡಿದು ಇಡೀ ಕಚೇರಿಗೆ ಕೇಳುವಂತೆ ಓದಿದರು.

"ದೀಪದ ಹೊಟ್ಟೆಯಂತೆ! ಹೊಟ್ಟೆ ತುಂಬಿದ ಮೇಲೆ ತೇಗುತ್ತದೆಯೋ ಹೇಗೆ? ಕರ್ಕೇರ, ಇದು ಕಚೇರಿಯ ಕನ್ನಡ. ಮೀನು ಮಾರುಕಟ್ಟೆಯದ್ದಲ್ಲ."

ಎಲ್ಲರೂ ನಕ್ಕರು. ಪರ್ಬುಗಳು ನಗಲಿಲ್ಲ. ನಾನು ಕೂಡ ನಕ್ಕೆ, ನಗದೆ ಇದ್ದರೆ ಇನ್ನೂ ಅವಮಾನ ಎಂದು. ಆ ಮಾತು ನನಗೆ ಎಷ್ಟು ನಾಟಿತು ಎಂದರೆ, ಮರುವಾರದಿಂದಲೇ ಒಬ್ಬ ಶಾಸ್ತ್ರಿಗಳ ಮನೆಗೆ ಹೋಗಿ ಸಂಸ್ಕೃತ ಕಲಿಯಲು ತೊಡಗಿದೆ. ಎರಡು ವರ್ಷದಲ್ಲಿ ನನ್ನ ಕನ್ನಡ ಎಂಥದ್ದಾಯಿತೆಂದರೆ ಅದನ್ನು ನೋಡಿ ವೆಂಕಟರಾಯರೇ ತಲೆದೂಗತೊಡಗಿದರು. ನೀರು ಎಂದು ಬರೆಯುವಲ್ಲಿ ಉದಕ, ಮನೆ ಎನ್ನುವಲ್ಲಿ ಗೃಹ. ಹೊರಗಿನವರು ಓದಿದರೆ ಬರೆದವನ ತಾಯಿ ಮೀನು ಮಾರುತ್ತಾರೆಂದು ಯಾರೂ ಹೇಳುವಂತಿರಲಿಲ್ಲ. ನನಗೆ ಬೇಕಾದದ್ದೂ ಅದೇ.

ಈಗ ಆ ಕಾಲದ ಒಂದು ಪದ್ಧತಿಯನ್ನು ಹೇಳಬೇಕು. ಸಾರ್ವಜನಿಕ ಪ್ರಕಟಣೆಗಳನ್ನು ಗೋಡೆಗೆ ಅಂಟಿಸಿದರೂ ಹಳ್ಳಿಯಲ್ಲಿ ಓದುವವರು ಕಡಿಮೆ. ಹಾಗಾಗಿ ಡಂಗುರ ಹೊಡೆಸುತ್ತಿದ್ದರು. ಆ ಕೆಲಸ ಗ್ರಾಮದ ಉಗ್ರಾಣಿಯದ್ದು, ಎಂದರೆ ಊರಿನ ಸರಕಾರಿ ಆಳಿನದ್ದು. ಹೆಚ್ಚಿನ ಉಗ್ರಾಣಿಗಳಿಗೆ ಅಕ್ಷರ ಬಾರದು. ಅವರು ನಮ್ಮ ಮೇಜಿನ ಹತ್ತಿರ ಬಂದು ನಿಲ್ಲುವುದು, ನಾವು ಪ್ರಕಟಣೆಯನ್ನು ಓದಿ ಅದರ ಸಾರವನ್ನು ತುಳುವಿನಲ್ಲಿ ಹೇಳುವುದು, ಅವರು ಅದನ್ನು ಹಳ್ಳಿಯಲ್ಲಿ ತಮ್ಮದೇ ಬಾಯಲ್ಲಿ ಸಾರುವುದು, ಹೀಗೆ ಲಾಗಾಯ್ತಿನಿಂದ ನಡೆದುಬಂದಿತ್ತು. ಒಂದು ಸಲ ಯಾರೋ ಒಬ್ಬ ಉಗ್ರಾಣಿ ಹೇಳಬೇಕಾದದ್ದಕ್ಕಿಂತ ನಾಲ್ಕು ಮಾತು ಹೆಚ್ಚು ಸೇರಿಸಿ ಹೇಳಿ ದೊಡ್ಡ ರಂಪವಾಯಿತು. ಆಮೇಲೆ ವೆಂಕಟರಾಯರು ಕ್ರಮ ಬದಲಿಸಿದರು. ಉಗ್ರಾಣಿ ಕನ್ನಡದ ಪಾಠವನ್ನು ನಮ್ಮೆದುರು ಬಾಯಿಪಾಠ ಮಾಡಿ, ಇದ್ದದ್ದು ಇದ್ದ ಹಾಗೆ ಕೂಗಿ ಬರಬೇಕು. ಅರ್ಥ ವಿವರಿಸುವುದು ಅವನ ಕೆಲಸವಲ್ಲ.

ಈ ಹೊಸ ಕ್ರಮ ಬಂದ ಮೇಲೆಯೇ ಆ ನೀರಿನ ಕಾಗದ ನನ್ನ ಮೇಜಿಗೆ ಬಂತು. ಪೇಟೆಯ ಒಂದು ಭಾಗಕ್ಕೆ ಕುಡಿಯುವ ನೀರು ಒದಗಿಸಲು ನಂತೂರಿನ ಆಚೆ, ಎರಡು ಗುಡ್ಡಗಳ ನಡುವಿನ ಬೈಲಿನಲ್ಲಿ, ಒಂದು ರಿಸರ್ವಾಯರ್ ಕಟ್ಟುವುದೆಂದು ತೀರ್ಮಾನವಾಗಿತ್ತು. ಆಗ ಆ ಕಡೆ ಬರೀ ಗುಡ್ಡ ಮತ್ತು ಮುಳ್ಳುಪೊದೆ, ಜನ ವಿರಳ. ಬೈಲಿನಲ್ಲಿ ಮೊದಲೇ ಒಂದು ಮದಕವಿತ್ತು. ಗುಡ್ಡದ ನೀರಿಗೆ ಒಂದು ಬದಿ ಮಣ್ಣಿನ ಕಟ್ಟೆ ಹಾಕಿ ನಿಲ್ಲಿಸುವ ಹೊಂಡಕ್ಕೆ ನಮ್ಮ ಕಡೆ ಮದಕ ಎನ್ನುತ್ತಾರೆ. ಅದನ್ನೇ ಹಿರಿದು ಮಾಡಿ ಎತ್ತರದ ಕಟ್ಟೆ ಕಟ್ಟುವುದು ಎಂಜಿನಿಯರರ ಯೋಜನೆ. ಜಾಗ ಸರಕಾರದ್ದೇ ಎಂದು ದಾಖಲೆಯಲ್ಲಿದ್ದದ್ದರಿಂದ ಯಾರಿಗೂ ಬೇರೆ ಬೇರೆ ನೋಟೀಸು ಕಳುಹಿಸುವ ಅಗತ್ಯವಿರಲಿಲ್ಲ, ಡಂಗುರ ಸಾಕಾಗಿತ್ತು. ಆದರೆ ಕಾಗದ ಬರೆದ ಇಂಗ್ಲಿಷ್ ಅಧಿಕಾರಿ ದಯೆಯುಳ್ಳವನಿರಬೇಕು. ಕೊನೆಯಲ್ಲಿ ಒಂದು ಮಾತು ಸೇರಿಸಿದ್ದ: ಗಡಿಯ ಒಳಗೆ ಯಾರದಾದರೂ ದೇವರ ಕಲ್ಲು, ಬನ, ಸಮಾಧಿ ಇದ್ದರೆ ಒಂದು ತಿಂಗಳ ಒಳಗೆ ಬಂದು ಹೇಳಲಿ, ಅದನ್ನು ಶಾಸ್ತ್ರಪ್ರಕಾರ ಬೇರೆ ಕಡೆಗೆ ಒಯ್ಯಲು ಬೇಕಾದಷ್ಟು ಸಮಯ ಕೊಡುತ್ತೇವೆ, ಅಲ್ಲಿಯವರೆಗೆ ಕೆಲಸ ನಿಲ್ಲಿಸುತ್ತೇವೆ.

ನಾನು ಇದನ್ನು ಹೇಗೆ ಬರೆದೆ ಗೊತ್ತೇ? ಇಂದಿಗೂ ಅಕ್ಷರ ತಪ್ಪದೆ ನೆನಪುಂಟು. "ನಿರ್ಮಾಣೋದ್ದಿಷ್ಟ ಜಲಾಶಯದ ಸೀಮಾಂತರ್ಗತ ದೇವತಾಸ್ಥಾನಾದಿಗಳ ಸ್ಥಳಾಂತರಾಪೇಕ್ಷಿಗಳು ಮಾಸಾವಧಿಯೊಳಗೆ ಸ್ವಹಕ್ಕನ್ನು ನಿವೇದಿಸತಕ್ಕದ್ದು." ಬರೆದು ಮುಗಿಸಿ ಎರಡು ಸಲ ಓದಿಕೊಂಡೆ. ಮೈಯಲ್ಲಿ ಒಂದು ಪುಳಕ. ದೀಪದ ಹೊಟ್ಟೆ ಎಂದು ಬರೆದವನು ಈಗ ಅದೇ ಇಂಗ್ಲಿಷ್ ಮಾತಿಗೆ ಜಲಾಶಯ ಎಂದು ಬರೆದಿದ್ದೆ. ವೆಂಕಟರಾಯರು ಓದಿ, "ಭೇಷ್" ಎಂದರು. ಅವರ ಬಾಯಿಂದ ಆ ಮಾತು ಬಿದ್ದದ್ದು ಅದೇ ಮೊದಲು.

ಪರ್ಬುಗಳಿಗೂ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. "ತಪ್ಪು ಇಲ್ಲ" ಎಂದರು. ಕಾಗದ ಹಿಂದೆ ಕೊಡುತ್ತಾ, "ಇದು ಯಾರಿಗೆ ಬರೆದದ್ದು ಮಾರಾಯ?" ಎಂದು ಕೇಳಿದರು. ನನಗೆ ಸಿಟ್ಟು ಬಂತು. ಹೊಟ್ಟೆಕಿಚ್ಚು ಎಂದುಕೊಂಡೆ.

ಆ ಗ್ರಾಮದ ಉಗ್ರಾಣಿಯ ಹೆಸರು ತನಿಯ. ತೆಳ್ಳಗಿನ ಮನುಷ್ಯ, ಕಂಚಿನ ಕಂಠ. ಬಾಯಿಪಾಠ ಮಾಡಲು ನನ್ನ ಮೇಜಿನ ಎದುರು ನಿಂತ. ನಾನು ಹೇಳಿಕೊಟ್ಟೆ. ಮೂರು ಸಲ ಹೇಳಿದರೂ ಅವನ ನಾಲಿಗೆ ಸೀಮಾಂತರ್ಗತದಲ್ಲಿ ಸಿಕ್ಕಿಬೀಳುತ್ತಿತ್ತು. ಕೊನೆಗೆ ಅವನು ತುಳುವಿನಲ್ಲಿ ಕೇಳಿದ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಒಡೆಯರೇ, ಜಲಾಶಯ ಅಂದ್ರೆ ಎಂತ? ನಮ್ಮ ಮದಕವಾ?"

ಹೌದು, ಮದಕವೇ, ದೊಡ್ಡ ಮದಕ, ಎಂದು ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ವೆಂಕಟರಾಯರು ಆಚೆ ಕೋಣೆಯಲ್ಲಿದ್ದರು. ತುಳುವಿನಲ್ಲಿ ಅರ್ಥ ಹೇಳಬಾರದೆಂಬ ಹೊಸ ಕ್ರಮವೂ ಇತ್ತು. ಅದೆಲ್ಲ ನೆಪ. ನಾನು ಅಷ್ಟು ಕಷ್ಟಪಟ್ಟು ಕಟ್ಟಿದ ಮಾತನ್ನು ಅವನು ಒಂದೇ ಏಟಿಗೆ ಮದಕ ಮಾಡಿದ್ದು ನನಗೆ ಸಹಿಸಲಾಗಲಿಲ್ಲ.

"ನೀನು ಅರ್ಥ ಮಾಡುವುದು ಬೇಡ" ಎಂದೆ. "ಹೇಳಿದ್ದನ್ನು ಕೂಗಿದರೆ ಸಾಕು."

"ಆಯ್ತು ಒಡೆಯರೇ" ಎಂದು ಹೋದ.

ಒಂದು ತಿಂಗಳು ಕಳೆಯಿತು. ಯಾರೂ ಬರಲಿಲ್ಲ. ಅಹವಾಲು ಏನೂ ಇಲ್ಲ ಎಂದು ಕಡತದಲ್ಲಿ ಬರೆದು ಎಂಜಿನಿಯರರಿಗೆ ಕಳುಹಿಸಿದೆವು. ಅದಾಗಿ ಎರಡು ವಾರಕ್ಕೆ, ಬೆಳಗ್ಗೆ ಕಚೇರಿ ತೆರೆಯುವ ಮೊದಲೇ, ಜಗಲಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ಮೂವತ್ತೈದು ನಲವತ್ತರ ಪ್ರಾಯ, ಗುಡ್ಡ ಇಳಿದು ಬಂದ ಕೆಂಪು ಮಣ್ಣು ಕಾಲಿಗೆ ಮೆತ್ತಿತ್ತು. ಕಲ್ಯಾಣಿ ಶೆಡ್ತಿ ಎಂದು ಹೆಸರು. ಆ ಬೈಲಿನ ಮೇಲ್ಗಡೆ ಅವರ ಮನೆ. ಮದಕದ ದಡದಲ್ಲಿ ಅವರ ಕುಟುಂಬದ ನಾಗಬನ. ದಾಖಲೆಯಲ್ಲಿ ಜಾಗ ಸರಕಾರದ್ದಾದರೂ ಆ ನಾಗನ ಕಲ್ಲುಗಳಿಗೆ ತಲೆತಲಾಂತರದಿಂದ ಹಾಲು ಎಳನೀರಿನ ತನು ಎರೆದವರು ಅವರ ಮನೆಯವರೇ.

ಕೂಲಿಯವರು ಬಂದು ಗಡಿಕಲ್ಲು ನೆಟ್ಟಾಗಲೇ ಅವರಿಗೆ ವಿಷಯ ಗೊತ್ತಾದದ್ದು. ಕಟ್ಟೆಗೆ ಮಣ್ಣು ತೆಗೆಯುವುದು ಬನದ ಪಕ್ಕದಿಂದಲೇ, ಇನ್ನು ಒಂದು ವಾರದಲ್ಲಿ ಅಲ್ಲಿ ಗುದ್ದಲಿ ಬೀಳುವುದಿತ್ತು. ನಾಗನನ್ನು ಹಾಗೆ ಸುಮ್ಮನೆ ಎತ್ತಿ ಒಯ್ಯುವಂತಿಲ್ಲ. ತಂತ್ರಿಗಳು ಬರಬೇಕು, ದಿನ ನೋಡಬೇಕು, ಹೊಸ ಜಾಗ ಶುದ್ಧವಾಗಬೇಕು, ಕುಟುಂಬದವರೆಲ್ಲ ಸೇರಬೇಕು. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವೆಂಕಟರಾಯರು ಅವರನ್ನು ಒಳಗೆ ಕರೆಸಿದರು. ನನ್ನನ್ನೂ ಕರೆದರು, ಯಾಕೆಂದರೆ ರಾಯರಿಗೆ ತುಳು ಬಾರದು.

"ಕಟ್ಟೆ ಬೇಡ ಅಂತ ನಾನು ಹೇಳ್ಲಿಕ್ಕೆ ಬಂದದ್ದಲ್ಲ" ಎಂದರು ಕಲ್ಯಾಣಿ ಶೆಡ್ತಿ. "ಪೇಟೆಯವರಿಗೂ ನೀರು ಬೇಕು. ನನಗೆ ಎರಡು ತಿಂಗಳು ಕೊಡಿ. ನಾಗನನ್ನು ಮೇಲೆ ತರ್ತೇನೆ. ಅಷ್ಟೇ."

ನಾನು ಅದನ್ನು ರಾಯರಿಗೆ ಹೇಳಿದೆ. ರಾಯರು ಕಡತ ನೋಡಿದರು. "ಅವಧಿ ಮುಗಿದಿದೆ. ಡಂಗುರ ಆದ ದಿನ ಇವರು ಊರಲ್ಲಿರಲಿಲ್ಲವೇ?"

"ಇದ್ದೆ" ಎಂದರು ಅವರು. "ಅಣ್ಣ ಇರ್ಲಿಲ್ಲ, ಬಜಪೆಯಲ್ಲಿ ಹೆಂಡತಿ ಮನೆಗೆ ಹೋಗಿದ್ದ. ನಾನು ಅಂಗಳದಲ್ಲಿ ನಿಂತು ಪೂರ್ತಿ ಕೇಳಿದೆ. ನನಗೆ ಅದು ಎಂತದ್ದೂಂತ ಗೊತ್ತಾಗ್ಲಿಲ್ಲ."

ಅದನ್ನೂ ರಾಯರಿಗೆ ತಿಳಿಸಿದೆ. ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. ಆ ಪ್ರಶ್ನೆಯನ್ನು ಅವರು ಪ್ರಾಮಾಣಿಕವಾಗಿಯೇ ಕೇಳಿದರು.

"ಕರ್ಕೇರ, ನೀವು ಈ ಸೀಮೆಯವರು. ಪ್ರಕಟಣೆ ಇಲ್ಲಿಯ ಜನಕ್ಕೆ ತಿಳಿಯುವಂತೆ ಇತ್ತೇ? ಇರಲಿಲ್ಲ ಎಂದು ನೀವು ಬರೆದುಕೊಟ್ಟರೆ ಮತ್ತೊಮ್ಮೆ ಡಂಗುರ ಹೊಡೆಸಬಹುದು. ಇನ್ನೊಂದು ತಿಂಗಳು ತಾನಾಗಿ ಸಿಗುತ್ತದೆ."

ನನ್ನ ಕೈಯಲ್ಲಿತ್ತು. ಎರಡು ಸಾಲು ಬರೆದುಕೊಟ್ಟರೆ ಮುಗಿಯುತ್ತಿತ್ತು. ಆದರೆ ಆ ಎರಡು ಸಾಲು ಬರೆದರೆ ಭೇಷ್ ಎಂದವರ ಎದುರು ನಾನು ಮತ್ತೆ ಮೀನು ಮಾರುಕಟ್ಟೆಯವನಾಗುತ್ತಿದ್ದೆ. ಕಚೇರಿ ಇನ್ನೊಮ್ಮೆ ನಗುವುದು ನನ್ನ ಕಿವಿಗೆ ಆಗಲೇ ಕೇಳಿಸುತ್ತಿತ್ತು.

"ತರ್ಜುಮೆ ಸರಿ ಉಂಟು, ಸ್ವಾಮಿ" ಎಂದೆ. "ತಪ್ಪೇನೂ ಇಲ್ಲ."

ರಾಯರು ಕಡತ ಮುಚ್ಚಿದರು. ನಾವು ಏನು ಮಾತಾಡಿದೆವೆಂದು ಕಲ್ಯಾಣಿ ಶೆಡ್ತಿಗೆ ಪೂರ್ತಿ ತಿಳಿಯಲಿಲ್ಲ, ಆದರೆ ಮುಖ ನೋಡಿ ಗೊತ್ತಾಯಿತು. ಅವರು ನನ್ನನ್ನೇ ನೋಡಿ, "ಅಣ್ಣೆರೇ, ಈರ್ ತುಳುವೆರತ್ತಾ?" ಎಂದು ಕೇಳಿದರು. ಅಣ್ಣಾ, ನೀವು ತುಳುವರಲ್ಲವಾ, ಎಂದರ್ಥ. ನಾನು ಕನ್ನಡದಲ್ಲಿ, "ಅವಧಿ ಮೀರಿದೆ, ಇನ್ನು ಹೋಗಬಹುದು" ಎಂದೆ. ಅವರು ಹೊರಗೆ ಹೋಗಿ ಜಗಲಿಯಲ್ಲಿ ಮಧ್ಯಾಹ್ನದವರೆಗೆ ಕೂತಿದ್ದರು. ಊಟಕ್ಕೆ ಹೋಗುವಾಗ ನಾನು ಹಿಂದಿನ ಬಾಗಿಲಿನಿಂದ ಹೋದೆ.

ಬನದ ಕಲ್ಲುಗಳನ್ನು ಮುಟ್ಟಲು ಕೂಲಿಯವರು ಯಾರೂ ಒಪ್ಪಲಿಲ್ಲ. ಸುತ್ತ ಮಣ್ಣು ತೆಗೆದು ಅವುಗಳನ್ನು ಹಾಗೆಯೇ ಬಿಟ್ಟರು. ಕಟ್ಟೆ ಎದ್ದಿತು, ಮಳೆ ಬಂತು, ಆಷಾಢದ ಹೊತ್ತಿನ ಆಟಿ ತಿಂಗಳಿಗೆ ಮೊದಲೇ ಬೈಲು ತುಂಬಿತು. ಒಂದು ಭಾನುವಾರ ನಾನೊಬ್ಬನೇ ಹೋಗಿ ನೋಡಿಬಂದೆ. ಕೆಂಪು ನೀರು, ಮೇಲೆ ಬನದ ಒಂದು ಮರದ ತುದಿ ಮಾತ್ರ ಕಾಣುತ್ತಿತ್ತು. ಮರುವರ್ಷ ಆ ನೀರು ಕೊಳವೆಯಲ್ಲಿ ನಮ್ಮ ಬೀದಿಗೂ ಬಂತು. ಪಾತ್ರೆ ಹಿಡಿದು ಎಲ್ಲರೂ ಸಂಭ್ರಮದಿಂದ ಸಾಲು ನಿಂತರು. ನಾನೂ ಕುಡಿದೆ, ಬೇರೆ ನೀರು ಎಲ್ಲಿಂದ ತರುವುದು?

ಆ ವರ್ಷದ ನಂತರ ನಾನು ಸಂಸ್ಕೃತದ ಪಾಠಕ್ಕೆ ಹೋಗಲಿಲ್ಲ. ಶಾಸ್ತ್ರಿಗಳು ಎರಡು ಸಲ ಹೇಳಿಕಳುಹಿಸಿ ಸುಮ್ಮನಾದರು. ಪ್ಲೇಗಿನ ಭಯ ಹಬ್ಬಿದ ಒಂದು ವರ್ಷ ಆರೋಗ್ಯದ ಕರಪತ್ರವೊಂದು ಬಂತು. ಇಲಿಯೇ ಈ ರೋಗದ ರಿಸರ್ವಾಯರ್, ಎಂದು ಅದರಲ್ಲಿತ್ತು. ಪರ್ಬುಗಳು ಆಗ ಕಚೇರಿಯಲ್ಲಿರಲಿಲ್ಲ, ಉಬ್ಬಸ ಜೋರಾಗಿ ತೀರಿಕೊಂಡಿದ್ದರು. ಕಾಗದವನ್ನು ಮನೆಗೆ ಒಯ್ದು ತಾಯಿಯ ಎದುರು ಓದಿದೆ. ಅವರು ಮೀನಿನ ಬುಟ್ಟಿ ತೊಳೆಯುತ್ತಿದ್ದರು.

"ರೋಗದ ನೆಲೆ ಇಲಿ ಅಂತ ಬರೆದರೆ ಗೊತ್ತಾಗ್ತದಾ ಅಮ್ಮ?"

"ನೆಲೆ ಎಂತ ನೆಲೆ? ಇಲಿ ಸಾಯುವ ಮೊದಲು ರೋಗ ಅದರ ಮೈಯಲ್ಲಿ ಅಡಗಿ ಕೂತಿರ್ತದೆ ಅಂತ ಬರಿ. ಹಾಗಂದ್ರೆ ಹೆಂಗಸರಿಗೂ ಗೊತ್ತಾಗ್ತದೆ."

ಹಾಗೆಯೇ ಬರೆದೆ. ಅಲ್ಲಿಂದ ಮುಂದೆ, ತಾಯಿ ಬದುಕಿರುವವರೆಗೆ, ಜನರಿಗೆ ಹೋಗುವ ಯಾವ ಕಾಗದವನ್ನೂ ಅವರಿಗೆ ಓದಿ ಹೇಳದೆ ನಾನು ಕಚೇರಿಗೆ ಕೊಟ್ಟದ್ದಿಲ್ಲ. ವೆಂಕಟರಾಯರಿಗೆ ಬೇಸರವಾಗುತ್ತಿತ್ತು. "ನಿಮ್ಮ ಶೈಲಿ ಇಳಿದುಹೋಯಿತು" ಎಂದು ಒಮ್ಮೆ ಹೇಳಿದರು. ನನ್ನ ತಪ್ಪನ್ನು ಅವರಿಗೆ ನಾನು ಎಂದೂ ಹೇಳಲಿಲ್ಲ. ವರ್ಗವಾಗಿ ಹೋಗುವ ದಿನ ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದಿಟ್ಟು ಹೋದರು. ಅದನ್ನು ಓದಿ ನನಗೆ ಅಳು ಬಂತು.

ನಿವೃತ್ತಿಯಾದ ಮೇಲೆ ಮಾಡಲು ಕೆಲಸವಿಲ್ಲದವನ ತಲೆಗೆ ಹಳೆಯದೆಲ್ಲ ಒಂದೊಂದಾಗಿ ಏರಿಬರುತ್ತದೆ. ಈಗ ಇನ್ನೊಂದು ಯುದ್ಧ ನಡೆಯುತ್ತಿದೆ. ಸೀಮೆಎಣ್ಣೆಯ ಸಾಲಿನಲ್ಲಿ ನಿಂತಿದ್ದಾಗ ತನಿಯ ಸಿಕ್ಕಿದ. ಅವನ ಕಂಚಿನ ಕಂಠ ಒಡೆದುಹೋಗಿತ್ತು. ಕಲ್ಯಾಣಿ ಶೆಡ್ತಿಯ ಸುದ್ದಿ ಹೇಳಿದವನು ಅವನೇ. ನಾಗನ ಕಲ್ಲು ನೀರಿಗೆ ಹೋದ ವರ್ಷವೇ ಅಣ್ಣ ಸಂಜೀವ ಶೆಟ್ಟರು ಮನೆ ಬಿಟ್ಟು ಬಜಪೆಯಲ್ಲಿ ಹೆಂಡತಿಯ ಮನೆಯಲ್ಲಿ ನಿಂತುಬಿಟ್ಟರು. ಡಂಗುರ ಕೇಳಿಯೂ ಸುಮ್ಮನಿದ್ದಳು ಎಂದು ತಂಗಿಯ ಹತ್ತಿರ ಅಂದಿನಿಂದ ಮಾತಿಲ್ಲ. ಕಲ್ಯಾಣಿ ಶೆಡ್ತಿಯ ಮಗಳಿಗೆ ಮಕ್ಕಳಾಗಲಿಲ್ಲ. ಅದೂ ಇದರಿಂದಲೇ ಎಂದು ಕುಟುಂಬದವರೆಲ್ಲ ಹೇಳಿದರು. ಈಗ ತೊಕ್ಕೊಟ್ಟಿನಲ್ಲಿ ಆ ಮಗಳ ಮನೆಯಲ್ಲಿದ್ದಾರೆ.

ನಾನು ದೋಣಿಯಲ್ಲಿ ನೇತ್ರಾವತಿ ದಾಟಿ ತೊಕ್ಕೊಟ್ಟಿಗೆ ಹೋದೆ. ಅವರು ನನ್ನ ಗುರುತು ಹಿಡಿಯಲಿಲ್ಲ. ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ನಾನು ಲೋಟ ಮುಟ್ಟದೆ ಎಲ್ಲವನ್ನೂ ತುಳುವಿನಲ್ಲಿ ಹೇಳಿದೆ: ಆ ಮಾತು ಬರೆದವನು ನಾನು, ತನಿಯ ಕೇಳಿದಾಗ ಅರ್ಥ ಹೇಳದೆ ಕಳುಹಿಸಿದವನು ನಾನು, ಇನ್ನೊಂದು ತಿಂಗಳು ಸಿಗಬಹುದಾಗಿದ್ದದ್ದನ್ನು ತಪ್ಪಿಸಿದವನೂ ನಾನೇ.

"ಹಾಗಾದ್ರೆ ನನಗೆ ಬುದ್ಧಿ ಇತ್ತಾ?" ಎಂದು ಕೇಳಿದರು.

ನಾನು ತಲೆಯೆತ್ತಿ ಅವರ ಮುಖ ನೋಡಿದೆ.

"ಇಷ್ಟು ವರ್ಷ ಎಲ್ಲರೂ ಹೇಳಿದ್ದು ಅದನ್ನೇ. ಅಂಗಳದಲ್ಲಿ ನಿಂತು ಕೇಳಿದವಳಿಗೆ ಅಷ್ಟೂ ಗೊತ್ತಾಗ್ಲಿಲ್ವಾ, ಬುದ್ಧಿ ಎಲ್ಲಿತ್ತು ಅಂತ. ನಾನೂ ಹೌದು ಅಂತಲೇ ತಿಳ್ಕೊಂಡಿದ್ದೆ." ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಇದನ್ನು ನನಗೆ ಹೇಳಿ ಎಂತ ಮಾಡುವುದು? ಬಜಪೆಗೆ ಹೋಗಿ ಅಣ್ಣನಿಗೆ ಹೇಳಿ."

ಮರುದಿನವೇ ಬಜಪೆಗೆ ಬಸ್ಸು ಹಿಡಿದೆ. ಸಂಜೀವ ಶೆಟ್ಟರು ಹಾಸಿಗೆ ಹಿಡಿದಿದ್ದರು, ಆದರೆ ಕಿವಿ ಚುರುಕಾಗಿತ್ತು. ನಾನು ಹೇಳಿ ಮುಗಿಸುವವರೆಗೆ ಮನೆಯ ಮಾಡನ್ನೇ ನೋಡುತ್ತಾ ಮಲಗಿದ್ದರು.

"ನೀವು ಹೇಳಬೇಕಾಗಿರ್ಲಿಲ್ಲ, ನನಗೆ ಗೊತ್ತಿತ್ತು" ಎಂದರು.

"ಹೇಗೆ?"

"ಇಲ್ಲಿ ಚಾವಡಿಯ ಗೋಡೆಗೂ ಆ ಕಾಗದ ಅಂಟಿಸಿದ್ದರು. ಡಂಗುರ ಆದ ವಾರವೇ ನಾನು ಅದನ್ನು ಓದಿದ್ದೆ. ಮೂರು ಸಲ ಓದಿದೆ ಮಾರಾಯ್ರೇ. ನಮ್ಮ ಊರಿನ ಹೆಸರು ಕಂಡಿತು, ಉಳಿದದ್ದು ಒಂದೂ ತಲೆಗೆ ಹೋಗ್ಲಿಲ್ಲ. ಯಾರನ್ನು ಕೇಳುವುದು? ಮನೆತನದಲ್ಲಿ ಶಾಲೆಗೆ ಹೋದವ ನಾನೊಬ್ಬ. ಕೇಳಿದ್ರೆ, ಅಳಿಯ ಶೆಟ್ಟರಿಗೆ ಓದ್ಲಿಕ್ಕೆ ಬರುವುದಿಲ್ವಾ ಅಂತ ಇಲ್ಲಿ ನಗ್ತಿದ್ದರು. ಸುಮ್ಮನೆ ಬಂದೆ." ಅವರು ಉಸಿರು ತೆಗೆದುಕೊಂಡರು. "ಆಮೇಲೆ ಎಲ್ಲ ಮುಗಿದ ಮೇಲೆ, ತಪ್ಪು ಯಾರದ್ದು ಅಂತ ಕುಟುಂಬದವರು ಕೇಳಿದರು. ಕಲ್ಯಾಣಿ, ತಾನು ಕೇಳಿದೆ, ಗೊತ್ತಾಗ್ಲಿಲ್ಲ, ಅಂತ ಎಲ್ಲರ ಎದುರು ಹೇಳಿಬಿಟ್ಟಳು. ನಾನು ಹೇಳ್ಲಿಲ್ಲ. ಆ ಮುಖ ಹೊತ್ತು ಅವಳ ಹತ್ತಿರ ಹೇಗೆ ಮಾತಾಡುವುದು?"

ನಾನು ಎದ್ದಾಗ ನನ್ನ ಕೈ ಹಿಡಿದರು. "ಅವಳಿಗೆ ಹೇಳ್ಬೇಡಿ" ಎಂದರು. ಕೈ ಬಿಡದೆಯೇ, "ಇಲ್ಲ, ಹೇಳಿ" ಎಂದರು.

ಅವರು ಹೇಳಿದ್ದನ್ನು ಒಂದು ಮಾತೂ ಬಿಡದೆ ತೊಕ್ಕೊಟ್ಟಿಗೆ ಹೋಗಿ ಹೇಳಿದೆ. ಅಣ್ಣನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಕಲ್ಯಾಣಿ ಶೆಡ್ತಿ, "ಪಾಪ, ಇಷ್ಟು ವರ್ಷ ಅವನೂ ಒಬ್ಬನೇ ಇದನ್ನು ಹೊತ್ತುಕೊಂಡಿದ್ದನಲ್ಲ" ಎಂದರು. ನಾಳೆ ಬೆಳಗಿನ ದೋಣಿಗೆ ಹೊರಡುತ್ತೇನೆ, ಎಂದು ಮಗಳಿಗೆ ಹೇಳಿದರು.

ನಾನು ಈ ದಡದ ದೋಣಿ ಕಡವಿನಲ್ಲಿ ಕಾದಿದ್ದೆ, ಬಸ್ಸಿನವರೆಗೆ ಜತೆಗೆ ಹೋಗೋಣ ಎಂದು. ಅವರು ದೋಣಿಯಿಂದ ಇಳಿದರು. ಕೈಯಲ್ಲಿ ಅಣ್ಣನಿಗೆಂದು ಬಾಳೆಲೆಯಲ್ಲಿ ಕಟ್ಟಿದ ಏನೋ ತಿಂಡಿ ಇತ್ತು. ನನ್ನನ್ನು ಕಂಡು ನಿಂತರು.

"ನೀವು ಬರುವುದು ಬೇಡ" ಎಂದರು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. "ಅವನು ನನ್ನ ಅಣ್ಣ, ನಾವು ಮಾತಾಡ್ತೇವೆ. ಹೇಳಿದ್ದು ಒಳ್ಳೆದಾಯ್ತು. ಆದ್ರೆ ನಾಗ ಈಗಲೂ ನೀರಿನ ಅಡಿಯಲ್ಲೇ ಉಂಟಲ್ಲ. ಅದಕ್ಕೆ ನಾನು ನಿಮಗೆ ಎಂತ ಹೇಳ್ಲಿ?"

ನಾನು ದಾರಿ ಬಿಟ್ಟು ನಿಂತೆ. ಅವರು ಬಾಳೆಲೆಯ ಕಟ್ಟನ್ನು ಎದೆಗೆ ಒತ್ತಿಕೊಂಡು ಬಸ್ಸು ನಿಲ್ಲುವ ಕಡೆಗೆ ಬೇಗಬೇಗನೆ ನಡೆದುಹೋದರು.